ಹಗೇವಿನ ಐದನೆಯ ಸಾಲು

ಎರಡು ಸಾವಿರದ ಇಸವಿ ದಾಟಿದ ಕಾಲ. ಬೈಲಹೊಂಗಲದ ಕಟ್ಟಡ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುವವಳು, ನನ್ನ ಗಂಡ ಅವರದೇ ಸೈಟುಗಳಲ್ಲಿ ಸೂಪರ್‌ವೈಸರ್. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವರು ವಾರವೆಲ್ಲ ಸೈಟಿನಲ್ಲೇ ಇರುತ್ತಿದ್ದರು. ನಾನು ತಯಾರಿಸಿದ ಕೆಲಸದ ಪಟ್ಟಿ ಪ್ರಿಂಟಾಗಿ ಬಸ್ಸು ಹತ್ತಿ ಅವರಿಗೆ ಹೋಗುತ್ತಿತ್ತು. ಗಂಡ ಹೆಂಡಿರ ನಡುವೆ ಮಾತಿಗಿಂತ ಪಟ್ಟಿಯೇ ಹೆಚ್ಚು ಓಡಾಡುತ್ತದೆ ಎಂದು ಗೆಳತಿಯರು ನಗುತ್ತಿದ್ದರು.

ಪಟ್ಟಿ ಮಾಡುವ ಸಾಫ್ಟ್‌ವೇರಿನಲ್ಲಿ ಪ್ರತಿ ಕೆಲಸಕ್ಕೂ ಒಂದು ನಂಬರು. ಯಾವ ನಂಬರಿನ ಕೆಲಸ ಮುಗಿದ ಮೇಲೆ ಇದನ್ನು ಹಿಡಿಯಬೇಕು ಎಂಬುದು ಅದರ ಪಕ್ಕದ ಕಾಲಮ್ಮಿನಲ್ಲಿ. ಗೋಡೆ ಏಳದೆ ಸ್ಲ್ಯಾಬಿಲ್ಲ, ಅಷ್ಟೇ ಸಂಗತಿ. ನನಗೆ ಬಲು ಇಷ್ಟದ ಕೆಲಸವಾಗಿತ್ತು.

ಉಗರಗೋಳದಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಯಾತ್ರಿಕರಿಗೆ ವಸತಿಗೃಹ ಕಟ್ಟಬೇಕಿತ್ತು. ಅದರ ಅಂಗಳದಲ್ಲಿ ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಕಣಜ ಅದು, ಎಷ್ಟೋ ವರ್ಷದಿಂದ ಬಾಯಿ ಮುಚ್ಚಿದ್ದು. ನಾನು ರಾಮದುರ್ಗದ ಕಡೆಯ ಹಳ್ಳಿಯವಳು. ಕಾಳು ಕೊಳೆತ ಹಗೇವಿನಲ್ಲಿ ಗಾಳಿ ವಿಷವಾಗಿರುತ್ತದೆ, ಬಾಯಿ ತೆಗೆದು ಬಿಟ್ಟು, ಆಮೇಲೆ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು ಎಂದು ಬಲ್ಲವಳು. ಅದಕ್ಕೇ ಪಟ್ಟಿಯಲ್ಲಿ ನಾಲ್ಕು, ಹಗೇವಿನ ಬಾಯಿ ತೆಗೆಯುವುದು. ಐದು, ಗಾಳಿಗೆ ಬಿಟ್ಟು ದೀಪ ಇಳಿಸಿ ನೋಡುವುದು. ಆರು, ಒಳಗಿಳಿದು ಕೊಳೆತ ಕಾಳು ತೆಗೆಯುವುದು. ಹೀಗೆ ಹಾಕಿ, ಸಂಬಂಧಿಕರ ಮದುವೆಗೆಂದು ಕಿತ್ತೂರಿಗೆ ಹೋದೆ.

ಮರಳಿ ಬಂದು ನೋಡಿದರೆ, ಐದು: ಒಳಗಿಳಿದು ಕೊಳೆತ ಕಾಳು ತೆಗೆಯುವುದು. ಪಕ್ಕದ ಕಾಲಮ್ಮಿನಲ್ಲಿ, ನಾಲ್ಕು. ನಡುವಿನ ಸಾಲನ್ನು ಅಳಿಸಿದರೆ ಆ ಸಾಫ್ಟ್‌ವೇರು ಹಿಂದಿನದನ್ನೂ ಮುಂದಿನದನ್ನೂ ತಾನೇ ಜೋಡಿಸಿ, ನಂಬರುಗಳನ್ನು ಒತ್ತಾಗಿ ಕೂರಿಸಿಬಿಡುತ್ತಿತ್ತು. ಗಾಯವಿಲ್ಲ, ಕಲೆಯಿಲ್ಲ. ಎದ್ದು ಗುತ್ತಿಗೆದಾರರ ಮೇಜಿನ ಮುಂದೆ ನಿಂತೆ.

"ಸಾವಕಾರ್ರ, ಹಗೇವಿಂದು ಒಂದು ಸಾಲು ಯಾರ ತಗದ್ರಿ?"

"ನಾನ ತಗದೇನಿ," ಎಂದರು ಗುತ್ತಿಗೆದಾರರು, ಚಹಾ ಹೀರುತ್ತ. "ಹಗೇವ ತಗದ ಕೂಡ್ಲೆ ಯಾರರ ಇಳೀತಾರೇನವಾ? ನಮ್ಮ ಮನ್ಯಾಗ ಸಣ್ಣ ಕೂಸಿಗೂ ಗೊತ್ತೈತಿ. ಆಳು ಇಲ್ಲ, ಕೆಲಸ ಇಲ್ಲ, ಅದಕ್ಕೊಂದು ನಂಬರ್ ಬ್ಯಾರೆ!"

"ನಮ್ಮನಿಯವರಿಗೆ ಗೊತ್ತಿಲ್ರಿ! ಪ್ಯಾಟ್ಯಾಗ ಬೆಳದವರು, ಹಗೇವು ಕಂಡವರಲ್ಲ. ಆಳುಗಳೂ ದೂರದ ಸೀಮಿಯವರು. ಪಟ್ಟಿ ಹೋತೇನ್ರಿ?"

ಪಟ್ಟಿ ಹಿಂದಿನ ದಿನವೇ ಹೋಗಿತ್ತು. ಸಾವುಕಾರರು ಬಟ್ಟಲು ಇಟ್ಟು ಫೋನನ್ನು ನನ್ನತ್ತ ತಳ್ಳಿದರು.

ಸೈಟಿನ ಎದುರಿನ ಕಾಯಿ ಅಂಗಡಿಯಲ್ಲಿ ಫೋನ್ ಇತ್ತು. ನಂಬರು ತಿರುಗಿಸುವಾಗ ಎರಡು ಸಲ ತಪ್ಪಿದೆ. ಕೊನೆಗೂ ಅಂಗಡಿಯವರು ಎತ್ತಿದರು. ನಾನು ಯಾರೆಂದು ಹೇಳುವಷ್ಟರಲ್ಲೇ ಆಚೆಯಿಂದ ಗದ್ದಲ ಕೇಳಿಸಿತು. "ನಿಮ್ಮನಿಯವರನ್ನ ಈಗಽ ಮ್ಯಾಲ ಎಳದಾರವಾ. ಸೊಂಟಕ್ಕ ಹಗ್ಗ ಕಟ್ಟಿಕೊಂಡಿದ್ದರು. ಎಚ್ಚರಿಲ್ಲ. ಸವದತ್ತಿಗೆ ಒಯ್ಯಾಕ ಹತ್ಯಾರ, ಲಗೂ ಬರ್ರಿ."

ಜೀಪಿನಲ್ಲಿ ದಾರಿಯುದ್ದಕ್ಕೂ ಸಾವುಕಾರರು "ಯಾರಿಗೂ ಗೊತ್ತಿರೂದಲ್ಲೇನು ಅದು" ಎಂದು ತಮಗೆ ತಾವೇ ಗೊಣಗುತ್ತಿದ್ದರು. ಸುಮ್ಮನಿರಿ ಎಂದು ಗದರಿದೆ.

ಸವದತ್ತಿಯ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ನನ್ನ ಗಂಡ ಕಣ್ಣು ಬಿಟ್ಟರು. ಜೀವ ಉಳಿಯಿತೆಂಬ ಸಂತೋಷಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು.

"ಹೊಲಸು ವಾಸನಿ ಬರತಿತ್ತು ಅಂತಾರ ಆಳುಗಳು. ಯಾರನ್ನರ ಒಂದು ಮಾತು ಕೇಳಬಾರದಾಗಿತ್ತೇನ್ರಿ?"

ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು. ದನಿ ಮೇಲೇಳುತ್ತಿರಲಿಲ್ಲ.

"ನಂಬರ್ ನೋಡಿದೆ. ನಡುವ ಒಂದು ತಪ್ಪಿದ್ರ ಕೇಳತಿದ್ದೆ. ನಾಕಾದ ಮ್ಯಾಲ ಐದಽ ಇತ್ತು. ನೀ ಮಾಡಿದ ಪಟ್ಟಿ ಐತಲ್ಲಾ, ಅಂತ ನಂಬಿ ಇಳದೆ."