ಮೊದಲು ಚಸ್ಮಾ ಹಾಕು, ಆಮೇಲೆ ಲೇಸರ್

ಕೋವಿಡ್ ಗದ್ದಲ ಅಡಗಿ ಆಸ್ಪತ್ರೆಗಳು ಮತ್ತೆ ಮೊದಲಿನಂತೆ ತುಂಬತೊಡಗಿದ್ದ ವರ್ಷ ಅದು. ಆಗ ನಾನು ಲಿಂಗಸುಗೂರಿನ ಸರಕಾರಿ ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ. ಹುದ್ದೆಯ ಹೆಸರು ದೊಡ್ಡದು. ಕೇಳಿದವರು ನನ್ನನ್ನು ಕಣ್ಣಿನ ಡಾಕ್ಟರ್ ಅಂದುಕೊಳ್ಳುತ್ತಾರೆ. ಅಲ್ಲ. ದೃಷ್ಟಿ ಪರೀಕ್ಷೆ ಮಾಡುವುದು, ಕನ್ನಡಕದ ನಂಬರು ಕೊಡುವುದು, ಶಾಲೆ ಮಕ್ಕಳ ಕಣ್ಣು ನೋಡುವುದು, ಪೊರೆ ಬಂದ ಮುದುಕರನ್ನು ಆಪರೇಷನ್ನಿಗೆ ಹೊರಡಿಸುವುದು ನನ್ನ ಕೆಲಸ. ಹೊರಡಿಸುವುದೇ ಅದರಲ್ಲಿ ಕಷ್ಟದ ಭಾಗ. ಗುರುಗುಂಟಾದ ಒಬ್ಬ ಮುದುಕ ಕುರಿ ಬಿಟ್ಟು ಬರುವುದಿಲ್ಲ ಎಂದು ಎರಡು ಸಲ ಜೀಪಿನಿಂದ ಇಳಿದು ಹೋಗಿದ್ದ. ಇಂಥವರ ಜೊತೆ ಬಡಿದಾಡಿಯೇ ನನ್ನ ಬಾಯಿ ಇಷ್ಟು ಜೋರಾಯಿತು ಎಂದು ಮನೆಯವರು ಹೇಳುತ್ತಾರೆ. ಇರಲಿ, ಆ ಬಾಯಿಯಿಂದ ಕೆಲವರಿಗೆ ಉಪಯೋಗವೂ ಆಗಿದೆ.

ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ ನಮ್ಮಲ್ಲಿ ಇರಲಿಲ್ಲ. ಆದರೆ ಯಾವ ಊರಲ್ಲಿ ಎಷ್ಟು, ಎಲ್ಲಿ ಚಲೋ ಎಂದು ಕೇಳಿಕೊಂಡು ಬರುವವರಿಗೆ ಕೊರತೆ ಇರಲಿಲ್ಲ. ಹಾಗೆ ಬಂದವರು ಮಸ್ಕಿಯ ಖಾಜಾಸಾಬರು ಮತ್ತು ಅವರ ಮಗಳು ನಸೀಮಾ. ಖಾಜಾಸಾಬರದು ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವುದು ಅವರ ಅಪ್ಪನ ಕಾಲದಿಂದ ಬಂದ ಕಸುಬು. ನಸೀಮಾ ಬಿ.ಎ. ಮುಗಿಸಿ ಅಂಗಡಿಯಲ್ಲೇ ಅಪ್ಪನಿಗೆ ಕೈಜೋಡಿಸುತ್ತಿದ್ದಳು. ಸಿಂಧನೂರಿನ ಹತ್ತಿರ ಗೊರೇಬಾಳದಲ್ಲಿ ಬತ್ತ ಬೆಳೆಯುವ ಒಂದು ಮನೆತನದ ಹುಡುಗನ ಜೊತೆ ಅವಳ ಮದುವೆ ಗೊತ್ತಾಗಿತ್ತು.

ಖಾಜಾಸಾಬರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಮಾತು ತೆಗೆದರು. “ಮೇಡಂ, ನಾಕ್ ಕಡಿಂದ ರೇಟ್ ತರಿಸೀನ್ರಿ. ಯಾವ ದವಾಖಾನಿಗೆ ಹೋಗ್ಲಿ, ನೀವ ಹೇಳ್ರಿ. ಬಕ್ರೀದ್ ಆದ ಮ್ಯಾಲ ಮದುವಿ ಐತಿ. ಅಷ್ಟರಾಗ ಇಕಿ ಚಸ್ಮಾ ಹೋಗಬೇಕ್ ನೋಡ್ರಿ.”

ನಾಲ್ಕೂ ರೇಟುಗಳು ಅವರ ಮೊಬೈಲಿನಲ್ಲಿದ್ದವು. ಒಬ್ಬರು ಇಪ್ಪತ್ತೈದು ಸಾವಿರ ಎಂದಿದ್ದರೆ ಇನ್ನೊಬ್ಬರು ತೊಂಬತ್ತು ಸಾವಿರ. ಒಂದೇ ಆಪರೇಷನ್ನಿಗೆ ಇಷ್ಟು ಫರಕ್ಕೇ ಎಂದು ಅವರಿಗೆ ಆಶ್ಚರ್ಯ. ನೋಡಿದರೆ ಇಪ್ಪತ್ತೈದು ಸಾವಿರ ಎಂಬುದು ಒಂದೇ ಕಣ್ಣಿನ ಲೆಕ್ಕ. ತಪಾಸಣೆ, ಔಷಧಿ ಬೇರೆ. ಮಾಡುವ ವಿಧಾನಗಳೂ ಒಂದೇ ಅಲ್ಲ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪದರವಿದೆ, ಕಾರ್ನಿಯಾ ಎನ್ನುತ್ತಾರೆ. ಕೆಲವರು ಅದರ ಮೇಲ್ಪೊರೆ ತೆಗೆದು ಲೇಸರ್ ಬಿಡುತ್ತಾರೆ. ಕೆಲವರು ಬ್ಲೇಡಿನಿಂದ ಅದರ ಪದರವೊಂದನ್ನು ತೆಳುವಾದ ಮುಚ್ಚಳದಂತೆ ಎಬ್ಬಿಸಿ ಅದರ ಕೆಳಗೆ ಬಿಡುತ್ತಾರೆ. ಆ ಮುಚ್ಚಳವನ್ನೂ ಲೇಸರಿನಿಂದಲೇ ಎಬ್ಬಿಸಿದರೆ ಖರ್ಚು ಜಾಸ್ತಿ. ಏನೇ ಮಾಡಲಿ, ಲೇಸರ್ ಕಾರ್ನಿಯಾವನ್ನು ಸ್ವಲ್ಪ ಸವೆಸಿಯೇ ನಂಬರು ಇಳಿಸುತ್ತದೆ.

“ಸಾಬ್ರ, ನಿಮ್ಮ ಅಂಗಡಿಗೆ ಬಂದು ಯಾರರ ಬರೇ ಗಾದಿ ರೇಟ್ ಎಷ್ಟು ಅಂದ್ರ ಏನ್ ಹೇಳ್ತೀರಿ?” ಎಂದು ಕೇಳಿದೆ.

“ಯಾವ ಹತ್ತಿ, ಎಷ್ಟ್ ಕಿಲೊ ಅಂತ ಕೇಳ್ತೀನ್ರಿ.”

“ಮತ್ತ ಮಗಳ ಕಣ್ಣಿಗೆ ಬರೇ ರೇಟ್ ಕೇಳ್ಕೊಂಡ್ ಬಂದೀರಲ್ಲ, ಭೇಷ್!”

ಪುಣ್ಯಾತ್ಮ ನಕ್ಕುಬಿಟ್ಟರು. ನಾನು ನಸೀಮಾಳನ್ನು ಪರೀಕ್ಷೆಗೆ ಕೂರಿಸಿದೆ. ಅವಳು ಕನ್ನಡಕ ಹಾಕಿರಲಿಲ್ಲ, ಆದರೂ ಚಾರ್ಟಿನ ಕೊನೆಯ ಸಾಲನ್ನು ಸರಾಗವಾಗಿ ಓದಿದಳು. ಇಷ್ಟು ಚೆನ್ನಾಗಿ ಕಾಣುವವಳಿಗೆ ಲೇಸರ್ ಯಾಕೆ? ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದಾಗ ಕಾರ್ನಿಯಾದ ಮೇಲೆ ಕಾಂಟ್ಯಾಕ್ಟ್ ಲೆನ್ಸಿನ ಅಂಚು ಕಂಡಿತು. ಕಣ್ಣು ಕೆಂಪಗಿತ್ತು, ಅವಳು ಮಾತುಮಾತಿಗೆ ಉಜ್ಜಿಕೊಳ್ಳುತ್ತಿದ್ದಳು. ಲೆನ್ಸ್ ತೆಗೆಸಿ ನೋಡಿದರೆ ಮೈನಸ್ ಆರು! ನನ್ನ ಮುಖವೇ ಅವಳಿಗೆ ಮಸಕು.

ಆಗ ವಿಷಯ ಹೊರಗೆ ಬಂತು. ಅವಳಿಗೆ ಚಸ್ಮಾ ಇದೆ ಎಂಬುದೇ ಗೊರೇಬಾಳದವರಿಗೆ ತಿಳಿದಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಲೆನ್ಸ್, ನಿಶ್ಚಿತಾರ್ಥದ ದಿನವೂ ಲೆನ್ಸ್. ಆಮೇಲೆ ಅವರು ಯಾವಾಗ ಬಂದಾರೋ ಎಂಬ ಭಯಕ್ಕೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಲೆನ್ಸ್. ಕೆಲವು ಸಲ ಹಾಗೇ ಮಲಗಿಬಿಟ್ಟಿದ್ದೂ ಉಂಟಂತೆ.

ನಾನು ಖಾಜಾಸಾಬರಿಗೆ ನಾಲ್ಕೂ ಕಡೆ ನನ್ನೆದುರೇ ಫೋನ್ ಹಚ್ಚಲು ಹೇಳಿದೆ. ಎಲ್ಲರಿಗೂ ಒಂದೇ ಪ್ರಶ್ನೆ: ಮಗಳಿಗೆ ಲೇಸರ್ ಮಾಡಿಸಬೇಕು, ಯಾವಾಗ ಬರೋಣ? ಅಗ್ಗದ ರೇಟಿನವರು, ಇವತ್ತೇ ಮುಂಗಡ ಹಾಕಿದರೆ ಆಫರ್ ಉಳಿಯುತ್ತದೆ, ನಾಳೆ ಬಂದರೆ ನಾಳೆಯೇ ಮಾಡುತ್ತೇವೆ ಎಂದರು. ತೊಂಬತ್ತು ಸಾವಿರದವರು ರೂಮಿಗೆ ಏಸಿ ಇದೆ ಎಂದರು. ಮೂರನೆಯವರು ಕಂತಿನ ಸೌಲಭ್ಯ ವಿವರಿಸಿದರು. ನಾಲ್ಕನೆಯ ಆಸ್ಪತ್ರೆಯಲ್ಲಿ ಫೋನ್ ಎತ್ತಿದ ಹೆಣ್ಣುಮಗಳು ಮಾತ್ರ ತಿರುಗಿ ಪ್ರಶ್ನೆ ಕೇಳಿದಳು. ವಯಸ್ಸೆಷ್ಟು? ಒಂದು ವರ್ಷದಿಂದ ನಂಬರು ಬದಲಾಗಿದೆಯೇ? ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾರೆಯೇ? ಹೌದು ಎಂದಾಗ ಅವಳು ಹೇಳಿದಳು: “ಹಾಗಿದ್ರೆ ಲೆನ್ಸ್ ಬಿಟ್ಟು ಎರಡು ವಾರ ಕನ್ನಡಕ ಹಾಕಿ, ಆಮೇಲೆ ಬನ್ನಿ. ಅದಕ್ಕೂ ಮುಂಚೆ ಬಂದ್ರೆ ನಾವು ಟೆಸ್ಟ್ ಮಾಡೋದಿಲ್ಲ.”

“ಇಲ್ಲಿಗೇ ಹೋಗ್ರಿ,” ಎಂದೆ. ಅವರದು ಎಲ್ಲಕ್ಕಿಂತ ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. ಆದರೆ ಆ ಪ್ರಶ್ನೆಯ ಹಿಂದೆ ವಿದ್ಯೆ ಇತ್ತು. ಸದಾ ಲೆನ್ಸ್ ಕೂತ ಕಾರ್ನಿಯಾ ಅದರ ಒತ್ತಿಗೆ ಸ್ವಲ್ಪ ಆಕಾರ ಬದಲಿಸಿರುತ್ತದೆ. ಆಪರೇಷನ್ನಿಗೆ ಮೊದಲು ಕಾರ್ನಿಯಾದ ಏರುತಗ್ಗುಗಳ ನಕ್ಷೆ ತೆಗೆಯುತ್ತಾರೆ, ದಪ್ಪ ಅಳೆಯುತ್ತಾರೆ. ಲೆನ್ಸ್ ಬಿಡದೆ ತೆಗೆದ ಅಳತೆಯನ್ನು ನಂಬುವಂತಿಲ್ಲ. ತೆಳುವಾದ, ದುರ್ಬಲವಾದ ಕಾರ್ನಿಯಾದ ಮೇಲೆ ಲೇಸರ್ ಬಿಟ್ಟರೆ ಅದು ಮುಂದೆ ಉಬ್ಬಿ, ಕನ್ನಡಕ ಹಾಕಿದರೂ ನೆಟ್ಟಗೆ ಕಾಣದ ಸ್ಥಿತಿ ಬರಬಹುದು.

ಇದನ್ನೆಲ್ಲ ಕೇಳಿ ನಸೀಮಾಳ ಮುಖ ಸಣ್ಣದಾಯಿತು. “ಮೇಡಂ, ನಡುವ ರಂಜಾನ್ ಹಬ್ಬ ಬರ್ತೈತ್ರಿ. ಅತ್ತಿಯವ್ರು ಈದಿ ತಗೊಂಡ್ ಬರ್ತಾರ,” ಎಂದಳು. ಗೊತ್ತಾದ ಹುಡುಗಿಗೆ ಗಂಡಿನ ಕಡೆಯವರು ಹಬ್ಬಕ್ಕೆ ತರುವ ಬಟ್ಟೆ, ಬಳೆ, ಸಿಹಿಯೇ ಈದಿ. “ಅವತ್ತೊಂದಿನ ಲೆನ್ಸ್ ಹಾಕ್ಕೊಂತೀನ್ರಿ.”

“ಒಂದಿನ ಹಾಕಿದ್ರ ಮತ್ತ ಮೊದ್ಲಿಂದ ಎಣಿಸಬೇಕು.”

“ಆ ಸೋವಿ ದವಾಖಾನಿಯವ್ರು ನಾಳೆನ ಮಾಡ್ತೀವಿ ಅಂದಾರಲ್ರಿ,” ಎಂದು ಖಾಜಾಸಾಬರು ರಾಗ ಎಳೆದರು.

ನನಗೆ ಸಿಟ್ಟು ನೆತ್ತಿಗೇರಿತು. “ಮಾಡಿಸ್ರಿ! ನಾಳೆ ಕಣ್ಣ ಹೋದ್ರ, ಈದಿ ಸೀರಿ ಯಾವ ಬಣ್ಣದ್ದು ಅಂತ ಯಾರನ್ನ ಕೇಳ್ತಿ ಬೇ?” ಎಂದು ಹುಡುಗಿಯ ಮೇಲೆ ರೇಗಿದೆ. ಅವಳು ಅತ್ತಳು. ಅಪ್ಪ ಮಗಳು ಎದ್ದು ಹೋದರು. ಹಬ್ಬ ಮುಗಿಯುವವರೆಗೂ ನನಗೆ ಒಂದೇ ಯೋಚನೆ. ಆ ಅಗ್ಗದ ಕಡೆಗೇ ಓಡಿಹೋದರೋ ಏನೋ.

ಹೋಗಿರಲಿಲ್ಲ. ಹಬ್ಬವಾಗಿ ಕೆಲವು ದಿನಕ್ಕೆ ನನ್ನ ಕೋಣೆಯ ಬಾಗಿಲು ತಳ್ಳಿಕೊಂಡು ಒಬ್ಬ ದಪ್ಪ ಹೆಂಗಸು ಒಳಗೆ ಬಂದರು. ಹಿಂದೆ ನಸೀಮಾ, ಮೂಗಿನ ಮೇಲೆ ಕನ್ನಡಕ.

“ಇಕಿಗೆ ಚಸ್ಮಾ ಹಾಕಿಸಿದ ಮೇಡಂ ನೀವೇನ್ರಿ?”

ಅವರೇ ಗೊರೇಬಾಳದ ಹುಸೇನಬಿ, ನಸೀಮಾಳ ಅತ್ತೆಯಾಗುವವರು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡು ನಾನೂ ಸೆರಗು ಬಿಗಿದು ಕೂತೆ. ಅವರು ಮಾತ್ರ ಕುರ್ಚಿ ಎಳೆದುಕೊಂಡು ನಡೆದದ್ದೆಲ್ಲ ಹೇಳಿದರು. ಹಬ್ಬದ ದಿನ ಈದಿಯ ತಟ್ಟೆ ಹಿಡಿದು ಮಸ್ಕಿಗೆ ಹೋದಾಗ ನಸೀಮಾ ಕನ್ನಡಕ ಹಾಕಿಕೊಂಡೇ ಹಬ್ಬದ ಶಾವಿಗೆ ಪಾಯಸ ಸುರಕುಂಬಾದ ಬಟ್ಟಲು ತಂದು ಕೊಟ್ಟಳಂತೆ. ಇದೇನು ಎಂದು ಕೇಳಿದ್ದಕ್ಕೆ ಒಂದೂ ಬಿಡದೆ ಹೇಳಿದಳಂತೆ. ಹುಸೇನಬಿ ಬಟ್ಟಲು ಕೆಳಗಿಟ್ಟು, ತಿನ್ನದೆ ಊರಿಗೆ ಎದ್ದು ಬಂದಿದ್ದರು.

“ಚಸ್ಮಾ ಐತಿ ಅಂತ ಸಿಟ್ಟ್ ಬರ್ಲಿಲ್ರಿ. ಮುಚ್ಚಿಟ್ರಲ್ಲ, ಅದಕ್ಕ ಬಂತು,” ಎಂದರು. “ಮನಿಗೆ ಹೋಗಿ ವಿಚಾರ ಮಾಡಿದೆ. ಉಳದೋರೆಲ್ಲ ಮುಚ್ಚಿದ್ರು, ಹೇಳಿದಾಕಿ ಇಕಿ ಒಬ್ಬಾಕಿ. ಹಂಗಂತ ಬಂದೀನಿ. ಈಗ ನೀವು ಖರೆ ಹೇಳ್ರಿ. ಇಕಿ ಕಣ್ಣ ಹೋಗ್ತಾವೇನು? ಹುಟ್ಟೋ ಮಕ್ಕಳಿಗೂ ಚಸ್ಮಾ ಬರ್ತೈತೇನು?”

ಮಕ್ಕಳಿಗೆ ಬರಲೂಬಹುದು, ಬರದೆಯೂ ಇರಬಹುದು ಎಂದೆ. ಬಂದರೆ ಶಾಲೆಗೆ ಹಾಕುವಾಗ ಕಣ್ಣು ತೋರಿಸಿ ಚಸ್ಮಾ ಹಾಕಿಸಿದರೆ ಎಲ್ಲರಂತೆ ಓದುತ್ತಾರೆ. ಇವಳ ಕಣ್ಣಿನ ಮಾತು ಟೆಸ್ಟ್ ಆದ ಮೇಲೆಯೇ ಗೊತ್ತಾಗುವುದು. ಹುಸೇನಬಿ, “ತೋರ್ಸಾಕ ನಾನೂ ಹೋಗ್ತೀನಿ,” ಎಂದರು. ನಸೀಮಾ ತಲೆ ತಗ್ಗಿಸಿ ಕಣ್ಣೀರು ಒರೆಸಿಕೊಂಡಳು. ಆ ತಾಯಿಯ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿದೂ ಬಿಟ್ಟೆ.

ಟೆಸ್ಟ್ ಮುಗಿಸಿ, ಖಾಜಾಸಾಬರೂ ಸೇರಿ ಮೂವರೂ ರಿಪೋರ್ಟ್ ಸಮೇತ ಬಂದರು. ನಾನು ನಕ್ಷೆ ಬಿಡಿಸಿ ನೋಡಿದೆ. ಎರಡು ವಾರ ಲೆನ್ಸ್ ಬಿಟ್ಟಿದ್ದರೂ ಕಾರ್ನಿಯಾದ ಕೆಳಭಾಗ ತುಸು ಉಬ್ಬಿತ್ತು, ದಪ್ಪವೂ ಸಾಲದು. ಇದು ಲೆನ್ಸಿನ ಒತ್ತಿನಿಂದ ಆದದ್ದಲ್ಲ, ಕಾರ್ನಿಯಾದ್ದೇ ದೋಷ. ಅಲ್ಲಿನ ಡಾಕ್ಟರು ಲೇಸರ್ ಮಾಡುವುದಿಲ್ಲ, ಬೇರೆಲ್ಲೂ ಮಾಡಿಸಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಕಣ್ಣು ಉಜ್ಜಬಾರದು, ಹತ್ತಿಯ ಧೂಳಿನಿಂದ ದೂರ ಇರಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು. ಉಬ್ಬು ಹೆಚ್ಚಾದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ ಎಂದೂ ತಿಳಿಸಿದ್ದರು. ತಗೊಂಡದ್ದು ಟೆಸ್ಟಿನ ಫೀ ಮಾತ್ರ.

“ರೊಕ್ಕ ಕೊಡ್ತೀನಂದ್ರೂ ಬ್ಯಾಡ ಅಂದ್ರಲ್ರಿ ಮೇಡಂ! ಇಂಥ ದುಕಾನ ನಾ ನೋಡೇ ಇಲ್ಲ,” ಎಂದರು ಖಾಜಾಸಾಬರು. ಹಾಗೆಂದು ಮಗಳ ತಲೆ ಸವರಿದರು. ಅವತ್ತಿನಿಂದ ನಸೀಮಾಳನ್ನು ಹಿಂಜುವ ಮಿಷನ್ನಿನ ಹತ್ತಿರ ಬಿಡಲಿಲ್ಲವಂತೆ.

ಆ ಡಾಕ್ಟರನ್ನು ನಾನು ಇವತ್ತಿಗೂ ಕಂಡಿಲ್ಲ. ಫೋನಿನಲ್ಲಿ ಪ್ರಶ್ನೆ ಕೇಳಿದ ಹೆಣ್ಣುಮಗಳ ಹೆಸರೂ ಗೊತ್ತಿಲ್ಲ. ಆದರೂ ಅವರಿಬ್ಬರನ್ನು ನೆನೆದಾಗ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಆಮೇಲೆ ಲೇಸರ್ ರೇಟು ಕೇಳಲು ಬಂದವರಿಗೆಲ್ಲ ನಾನು ಹೇಳುತ್ತಿದ್ದದ್ದು ಇಷ್ಟೇ: ಎಷ್ಟು ಎಂದು ಕೇಳಿ, ಆ ರೇಟಿನಲ್ಲಿ ಏನೇನು ಸೇರಿದೆ ಎಂದೂ ಕೇಳಿ. ಅದರ ಜೊತೆಗೆ, ಎಂಥ ಕಣ್ಣು ಬಂದರೆ ನೀವು ಆಪರೇಷನ್ ಬೇಡ ಅನ್ನುತ್ತೀರಿ ಎಂದು ವಿಚಾರಿಸಿ. ಇದಕ್ಕೆ ಉತ್ತರ ಇಲ್ಲದ ಕಡೆ ಕಣ್ಣು ಕೊಡಬೇಡಿ.

ನಸೀಮಾಳ ಮದುವೆಗೆ ನಾನೂ ಹೋಗಿದ್ದೆ. ನಿಕಾಹ್ ಮುಗಿದ ಮೇಲೆ ಜಲ್ವಾ ಎಂಬ ಶಾಸ್ತ್ರವಿದೆ. ಗಂಡು ಹೆಣ್ಣಿನ ತಲೆ ಮೇಲೆ ಒಂದೇ ದುಪಟ್ಟಾ ಹೊದಿಸಿ, ನಡುವೆ ಕನ್ನಡಿ ಇಟ್ಟು, ಅದರಲ್ಲಿ ಒಬ್ಬರ ಮುಖ ಒಬ್ಬರಿಗೆ ತೋರಿಸುತ್ತಾರೆ. ಫೋಟೋದವನು, “ಚಸ್ಮಾ ತಗೀರಿ, ಲೈಟ್ ಹೊಡಿತೈತಿ,” ಎಂದ. ಯಾರೋ ಹೆಂಗಸರು ನಸೀಮಾಳ ಕನ್ನಡಕ ತೆಗೆದೂಬಿಟ್ಟರು. ಮೈನಸ್ ಆರಿನ ಹುಡುಗಿಗೆ ಕನ್ನಡಿಯಲ್ಲಿ ಮಂಜಲ್ಲದೆ ಮತ್ತೇನು ಕಂಡೀತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹುಸೇನಬಿ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಕನ್ನಡಕ ಕಸಿದುಕೊಂಡು, ಗಾಜನ್ನು ತಮ್ಮ ಸೆರಗಿನಿಂದ ಒರೆಸಿ, ಸೊಸೆಯ ಕಿವಿಗೆ ತಾವೇ ಏರಿಸಿದರು.

“ಫೋಟೋಕ್ಕ ಬೆಂಕಿ ಹಚ್ಚು! ಅಕಿ ಮೊದ್ಲ ನನ್ ಮಗನ ಮಾರಿ ನೆಟ್ಟಗ ನೋಡ್ಲಿ.”

ದುಪಟ್ಟಾದ ಒಳಗಿನಿಂದ ನಸೀಮಾ ನಕ್ಕ ಸದ್ದು ಕೇಳಿತು.