ಥರ್ಮೋಕೋಲ್ ಕೀಲಿ

ಬ್ಯಾಂಕಿನ ಜೊತೆ ಸಾಲದ ರಾಜಿ ಮಾಡಿಕೊಂಡವರಿಗೆ ಅದೃಷ್ಟ ಬರಬಾರದು. ಬಂದರೂ ಬ್ಯಾಂಕಿಗೆ ಹೇಳಿ ಬರಬೇಕು. ನನಗೆ ಬಂದದ್ದು ಚಿತ್ರದುರ್ಗದ ಒಂದು ಜವಳಿ ಅಂಗಡಿಯ ಕೂಪನ್ನಿನಲ್ಲಿ, ಕೆಂಪು ಸ್ಕೂಟರಿನ ರೂಪದಲ್ಲಿ.

ಹೊಸದುರ್ಗದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇತ್ತು. ಕುರ್ಚಿಗಳು, ಗೋಡೆ ತುಂಬ ಕನ್ನಡಿ, ಎಲ್ಲ ಬ್ಯಾಂಕಿನ ದುಡ್ಡು. ಪಕ್ಕದಲ್ಲೇ ಎ.ಸಿ. ಇರುವ ಇನ್ನೊಂದು ಪಾರ್ಲರ್ ಬಂತು, ಗಿರಾಕಿಗಳು ತಂಪಿನ ಕಡೆ ಹೋದರು, ನನ್ನ ಕಂತು ನಿಂತಿತು. ಕೊನೆಗೆ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಬ್ಯಾಂಕಿನವರು ಬಡ್ಡಿ ಬಿಡುತ್ತಾರೆ, ನಾನು ಮೂರು ತಿಂಗಳಿಗೊಮ್ಮೆ ಹೇಳಿದ ದಿನಕ್ಕೆ ಕಂತು ಕಟ್ಟಬೇಕು. ಒಂದು ತಪ್ಪಿದರೂ ರಾಜಿ ರದ್ದು, ಬಿಟ್ಟ ಬಡ್ಡಿಯೆಲ್ಲ ವಾಪಸ್. ಹೊಸ ಸಾಲ ಮಾಡುವಂತಿಲ್ಲ. ಅನಿರೀಕ್ಷಿತವಾಗಿ ದುಡ್ಡೋ ವಸ್ತುವೋ ಬಂದರೆ ತಿಳಿಸಬೇಕು. ಈ ಕೊನೆಯದನ್ನು ಓದಿ ನಕ್ಕಿದ್ದೆ. ನಮ್ಮ ಮನೆಗೆ ಅನಿರೀಕ್ಷಿತವಾಗಿ ಬರುತ್ತಿದ್ದವರು ನೆಂಟರು ಮಾತ್ರ.

ಪಾರ್ಲರ್ ಮುಚ್ಚಿದ ಮೇಲೆ ಊರೂರಿಗೆ ಹೋಗಿ ಮದುಮಕ್ಕಳಿಗೆ ಮೇಕಪ್ ಮಾಡತೊಡಗಿದೆ. ಬೆಳಗಿನ ಜಾವದ ಮುಹೂರ್ತವಿದ್ದರೆ ಆ ಹೊತ್ತಿಗೆ ಬಸ್ಸಿಲ್ಲ, ಅಂಥ ಕೆಲಸವೆಲ್ಲ ಕೈತಪ್ಪುತ್ತಿತ್ತು. ಹಾಗಾಗಿ ಸ್ಕೂಟರ್ ಎಂದಾಗ ಕುಣಿದುಬಿಟ್ಟೆ. ಅಂಗಡಿಯವರು ಶಾಲು ಹೊದಿಸಿ, ಮಾರುದ್ದದ ಥರ್ಮೋಕೋಲ್ ಕೀಲಿಯೊಂದನ್ನು ಕೈಗಿಟ್ಟು ಫೋಟೋ ತೆಗೆದರು. ಆಮೇಲೆ ಕೀಲಿ ವಾಪಸ್ ತೆಗೆದುಕೊಂಡರು.

"ಬಹುಮಾನದ ಮೇಲೆ ತೆರಿಗೆ ಐತೆ ಮೇಡಂ. ಅದನ್ನ, ರಿಜಿಸ್ಟ್ರೇಷನ್ ಖರ್ಚನ್ನ ಈ ವಾರ ಕಟ್ಟಿ ಗಾಡಿ ತಗಂಡೋಗ್ರಿ. ಇಲ್ಲಾಂದ್ರೆ ಮುಂದಿನ ಕೂಪನ್‌ನವರಿಗೆ ಹೋಗ್ತೈತೆ."

ಮನೆಯಲ್ಲಿ ಅದೇ ವಾರದ ಕಂತಿಗೆಂದು ಎತ್ತಿಟ್ಟ ದುಡ್ಡಿತ್ತು. ತೆರಿಗೆಗೆ ಅದು ಸರಿಯಾಗುತ್ತಿತ್ತು. ಎರಡಕ್ಕೂ ಸಾಲುತ್ತಿರಲಿಲ್ಲ. ತಮ್ಮನನ್ನು ಕೇಳೋಣವೆಂದರೆ ಅವನು ಕೈಯಲ್ಲಿದ್ದದ್ದನ್ನೆಲ್ಲ ಹಾಕಿ ನನ್ನ ಫ್ಲೆಕ್ಸ್ ಕಟ್ಟಿಸಿದ್ದ. 'ಅದೃಷ್ಟವಂತ ಅಕ್ಕನಿಗೆ ಅಭಿನಂದನೆಗಳು', ಕೆಳಗೆ ಅವನ ಗೆಳೆಯರ ಮುಖಗಳ ಸಾಲು. ಜಾಗ ಸಿಕ್ಕಿದ್ದು ಬ್ಯಾಂಕಿನ ಎದುರಿಗೇ.

"ಲೇ, ಬೇರೆ ಕಡೆ ಕಂಬ ಇರ್ಲಿಲ್ವೇನೋ?"

"ಅಲ್ಲೇ ಜನ ಜಾಸ್ತಿ ಓಡಾಡ್ತಾರೆ ಕಣಕ್ಕ."

ಬ್ಯಾಂಕಿಗೆ ಹೋದೆ. ಸಾಲದ ಅಧಿಕಾರಿ ಎರಡು ದಿನದಿಂದ ಕಿಟಕಿಯಲ್ಲಿ ಫ್ಲೆಕ್ಸಿನ ಮೇಲಿನ ನನ್ನನ್ನೇ ನೋಡುತ್ತಿದ್ದರಂತೆ.

"ಬರ್ರಿ ಮೇಡಂ, ಕುಂತ್ಕಳ್ರಿ. ಗಾಡಿ ಬಂದೈತಂತೆ, ನಮಗೆ ಬರೆದು ಕೊಡ್ಲೇ ಇಲ್ಲ?"

"ಗಾಡಿ ಬಂದಿಲ್ಲ ಸರ್, ತೆರಿಗೆ ಬಂದೈತೆ. ಈ ಕಂತು ಸ್ವಲ್ಪ ತಡವಾಗಿ ಕಟ್ಲಾ? ಗಾಡಿ ಇದ್ರೆ ದುಡಿದು ಕಟ್ತೀನಿ."

ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ಯೋಚಿಸಿದರು. "ನನ್ ಕೈಲಿಲ್ಲ ಮೇಡಂ. ತಡ ಆದ್ರೆ ಕಂಪ್ಯೂಟರೇ ರಾಜಿ ರದ್ದು ಮಾಡ್ತೈತೆ."

ಸಿಟ್ಟು ಬಂತು. ಕಂಪ್ಯೂಟರಿನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಕಂತು ಕಟ್ಟಿದೆ. ಸ್ಕೂಟರ್ ಬಂದಿಲ್ಲವೆಂದು ಒಂದು ಅರ್ಜಿಯನ್ನೂ ಬರೆದುಕೊಟ್ಟೆ, ಬಾರದ ವಸ್ತುವಿಗೂ ಸಹಿ ಬೇಕಂತೆ. ಗಾಡಿ ಹೊಳಲ್ಕೆರೆಯ ಯಾರೋ ಮೇಷ್ಟ್ರ ಪಾಲಾಯಿತು.

ಆ ಭಾನುವಾರ ಶ್ರೀರಾಂಪುರದಲ್ಲಿ ಮದುವೆಯಿತ್ತು. ಮುಹೂರ್ತ ಮಧ್ಯಾಹ್ನಕ್ಕೆ, ಹಾಗಾಗಿ ನನ್ನ ಪಾಲಿಗೆ ಸಿಕ್ಕಿತ್ತು. ಮೇಕಪ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಹೆಂಗಸರಿಗೆ ಟಿಕೆಟ್ ಉಚಿತ. ಆ ಉಚಿತಕ್ಕೆ ಯಾರೂ ತೆರಿಗೆ ಕೇಳಲಿಲ್ಲ. ದಾರಿಯುದ್ದಕ್ಕೂ ಅಳು ತಡೆಯಲಾಗಲಿಲ್ಲ, ಪಕ್ಕದಲ್ಲಿದ್ದವರು ತವರಿನಿಂದ ಹೊರಟವಳು ಎಂದುಕೊಂಡಿರಬೇಕು.

ಮದುಮಗಳು ಮುಖ ಒಡ್ಡಿ ಕೂತಳು. ಅವಳೂ ಫ್ಲೆಕ್ಸ್ ನೋಡಿದ್ದಳು.

"ಅಕ್ಕಾ, ಮುಂದಿನ ತಿಂಗಳು ಚಿಕ್ಕಜಾಜೂರಲ್ಲಿ ನಮ್ ಚಿಕ್ಕಪ್ಪನ ಮಗಳ ಮದುವೆ. ಬೆಳಗಿನ ಜಾವದ ಮುಹೂರ್ತ, ಯಾರೂ ಸಿಗ್ತಿಲ್ಲ. ನಿಮ್ ಹೆಸರು ಹೇಳಿದೀನಿ. ಈಗ ಗಾಡಿ ಐತಲ್ಲ, ಬರ್ತೀರಲ್ಲ?"

"ಕಣ್ಣು ಮುಚ್ಚಮ್ಮ," ಎಂದೆ. "ನಾನು ಹೇಳೋವರ್ಗೂ ತೆಗೀಬೇಡ."