ಅನುಮಾನದಕ್ಕ ಮುಟ್ಟಿ ನೋಡುವ ಗೋಡೆಗಳು

ಬೆಳಗಿನ ಆರು ಗಂಟೆ. ಮೂರನೇ ಮಹಡಿಯ ಮನೆಯೊಂದರಲ್ಲಿ ಕಟ್ಟಡದ ಉಸ್ತುವಾರಿ ಹೆಂಗಸು ಬೀರುವಿನ ಹಿಂದೆ ಕೈ ತೂರಿಸಿ ಗೋಡೆ ಸವರುತ್ತಿದ್ದಾರೆ. ಬೆರಳಿಗೆ ಕಪ್ಪು ಬೂಷ್ಟು ಅಂಟಿದೆ. ತೇವ ಅಳೆಯುವ ಪುಟ್ಟ ಮೀಟರು ಶೇಕಡಾ ಎಪ್ಪತ್ತೆಂಟು ತೋರಿಸುತ್ತಿದೆ. ಐವತ್ತರ ಆಸುಪಾಸಿದ್ದರೆ ಮಾತ್ರ ಇವರಿಗೆ ಸಮಾಧಾನ. ಇಲ್ಲಿ ಮೂರು ವಾರದಿಂದ ಅಂಕಿ ಏರುತ್ತಲೇ ಇದೆ.

"ದಿನಾ ಕಿಟಕಿ ತೆಗೀತೀಯೇನಮ್ಮಾ?"

"ಅಯ್ಯೋ, ತೆಗೀದೆ ಇರ್ತೀನಾ ಅಕ್ಕಾ!" ಎನ್ನುತ್ತಾಳೆ ಬಾಡಿಗೆಗಿರುವ ಹೆಂಗಸು. ಅವಳ ಹೆಗಲ ಮೇಲೆ ಮಗು ಗೊರಗೊರ ಕೆಮ್ಮುತ್ತಿದೆ.

ಅಕ್ಕ ಕಿಟಕಿಯ ಚಿಲಕಕ್ಕೆ ಟಾರ್ಚು ಹಿಡಿಯುತ್ತಾರೆ. ಅಲ್ಲಿ ಜೇಡವೊಂದು ಸಂಸಾರ ಹೂಡಿ ತಿಂಗಳಾಗಿರಬೇಕು.

ನಲವತ್ತೆರಡು ಮನೆಗಳ ಈ ಕಟ್ಟಡದಲ್ಲಿ ಇವರಿಗೆ 'ಅನುಮಾನದಕ್ಕ' ಎಂದೇ ಹೆಸರು. ದಿನಕ್ಕೆ ಏಳು ಮನೆ, ವಾರಕ್ಕೊಂದು ಸುತ್ತು. ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಒಣಹಾಕಿ, ಇವರ ಚಪ್ಪಲಿ ಸದ್ದು ಕೇಳಿದೊಡನೆ ಮಂಚದಡಿ ತುರುಕುವವರೂ ಇದ್ದಾರೆ. ಅಕ್ಕ ಮೊದಲು ಬಗ್ಗುವುದೇ ಅಲ್ಲಿಗೆ. ಗೋಡೆಗಂಟಿದ ಬೀರು ನಾಲ್ಕು ಬೆರಳು ಮುಂದೆ ಬರುವವರೆಗೆ ಅವರು ಕದಲುವುದಿಲ್ಲ. ಹೊಸ ಬಣ್ಣದ ವಾಸನೆ ಬಂದರಂತೂ ಕಣ್ಣು ಕಿರಿದಾಗುತ್ತದೆ. "ಬೂಷ್ಟಿನ ಮೇಲೆ ಬಣ್ಣ ಬಳಿಯೋದಂದ್ರೆ ಸ್ನಾನ ಬಿಟ್ಟು ಪೌಡರ್ ಹಚ್ಕೊಂಡ ಹಾಗೆ" ಎನ್ನುತ್ತಾರೆ.

ಇಷ್ಟೊಂದು ಅನುಮಾನ ಸುಮ್ಮನೆ ಬಂದದ್ದಲ್ಲ. ಲಾಂಡ್ರಿಯೊಂದರ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಹನ್ನೆರಡು ವರ್ಷ ಹಬೆ ಕುಡಿದವರು ಇವರು. "ಏನೂ ಆಗಲ್ಲ ಅಂದ್ರು, ನಂಬಿದೆ. ಈಗ ಹತ್ತು ಮೆಟ್ಟಿಲು ಹತ್ತಿದ್ರೆ ಏದುಸಿರು."

ಮೂರನೇ ಮಹಡಿಯ ಈ ಮನೆಯ ವರದಿಯನ್ನು ಕಟ್ಟಡದ ಯಜಮಾನರು ಭಾನುವಾರದೊಳಗೆ ಕೇಳಿದ್ದಾರೆ. ತಪ್ಪು ಬಾಡಿಗೆಯವರದ್ದಾದರೆ ಅವರು ಮನೆ ಖಾಲಿ ಮಾಡಬೇಕು. ಸಾಕ್ಷಿ ಚಿಲಕದ ಮೇಲೇ ಇದೆ. ಆದರೂ ಅಕ್ಕನಿಗೆ ಒಳಗೊಳಗೇ ಗುಮಾನಿ: ಒಂದು ಕಿಟಕಿ ಮುಚ್ಚಿದ್ದಕ್ಕೆ ಎಪ್ಪತ್ತೆಂಟೇ? ಬಚ್ಚಲಿಗೆ ಹೋಗಿ ಬಿಸಿನೀರು ಬಿಡುತ್ತಾರೆ. ಹಬೆ ಮೇಲಿನ ಗಾಳಿಕಿಂಡಿಯಿಂದ ಹೊರಹೋಗದೆ ನೇರ ಮಲಗುವ ಕೋಣೆಗೆ ನುಗ್ಗುತ್ತದೆ. ಸ್ಟೂಲು ಹತ್ತಿ ನೋಡಿದರೆ ಕಿಂಡಿಗೆ ಗೋಣಿಚೀಲ ಬಿಗಿಯಾಗಿ ತುರುಕಿದೆ.

"ಯಾರ ಕೆಲಸ ಇದು?" ಎಂದು ಗದರಲು ತೆರೆದ ಬಾಯಿ ಹಾಗೇ ಮುಚ್ಚಿಕೊಳ್ಳುತ್ತದೆ. ಎರಡು ತಿಂಗಳ ಹಿಂದೆ ಪಾರಿವಾಳಗಳ ಕಾಟಕ್ಕೆ ರೇಗಿ ಹನ್ನೊಂದು ಮನೆಗಳ ಕಿಂಡಿಗೆ ಗೋಣಿ ತುರುಕಿದವರು ಸಾಕ್ಷಾತ್ ಅಕ್ಕನೇ! ಲೋಕವನ್ನೆಲ್ಲ ಶಂಕಿಸಿದವರು ತಮ್ಮ ಕೈಯನ್ನು ಮಾತ್ರ ಶಂಕಿಸಿರಲಿಲ್ಲ.

ಆವತ್ತೇ ಹನ್ನೊಂದೂ ಗೋಣಿ ಕೀಳುತ್ತಾರೆ. ಕಿಟಕಿಯ ವಿಷಯಕ್ಕೆ ಆ ತಾಯಿಯನ್ನು ಚೆನ್ನಾಗಿ ಬೈಯುತ್ತಾರೆ. ವರದಿಯಲ್ಲಿ ಮಾತ್ರ "ಮುಖ್ಯ ತಪ್ಪು ನನ್ನದು" ಎಂದು ಬರೆದು ರುಜು ಹಾಕುತ್ತಾರೆ. ಆ ಸಂಸಾರ ಮನೆ ಬಿಡಬೇಕಾಗಿಲ್ಲ. ಮುಂದಿನ ವಾರದ ಸುತ್ತಿಗೆ ಮೀಟರು ಐವತ್ತಾರಕ್ಕಿಳಿದಿದೆ. ಅಕ್ಕನ ಕೆಲಸ ಉಳಿಯುತ್ತದೋ ಇಲ್ಲವೋ, ಯಜಮಾನರು ಇನ್ನೂ ಬಾಯಿ ಬಿಟ್ಟಿಲ್ಲ.

ಪಾರಿವಾಳಗಳು ಮರಳಿವೆ, ಹನ್ನೊಂದು ಮನೆಯವರೂ ಗೊಣಗುತ್ತಿದ್ದಾರೆ. "ಯಜಮಾನರು ಕಿಂಡಿಗಳಿಗೆ ತಂತಿ ಜಾಲರಿ ಹಾಕಿಸಿಕೊಟ್ರೆ ಸಾಕು, ನಂಗಿನ್ನೇನೂ ಬೇಡ" ಎನ್ನುತ್ತಾ ಅಕ್ಕ ಬಕೆಟ್ಟು ಎತ್ತಿಕೊಳ್ಳುತ್ತಾರೆ. "ಅಲ್ಲೀವರೆಗೂ ಹಿಕ್ಕೆ ನಾನೇ ತೊಳೀತೀನಿ. ಬೂಷ್ಟು ಮಗು ಎದೆಗಿಳಿದ್ರೆ ಒಳಗೆ ಕೈ ಹಾಕಿ ಒರೆಸೋಕಾಗುತ್ತಾ?"